ಹಳ್ಳಿ, ಗ್ರಾಮ, ನಾಡು: ದಂಡಿಗನಹಳ್ಳಿ ಪರಿಸರದ ಸ್ಥಳವಾಚಕ ಪದಗಳ ಅರ್ಥವ್ಯತ್ಯಾಸ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಕಸಬಾ, ಶ್ರವಣಬೆಳಗೊಳ, ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು ಮತ್ತು ದಂಡಿಗನಹಳ್ಳಿ ಎಂಬ ಆರು ಹೋಬಳಿಗಳಿವೆ. ಇವುಗಳಲ್ಲಿ ದಂಡಿಗನಹಳ್ಳಿ ಎಂಬುದು ಜನ ವಾಸಿಸುವ ಒಂದು ಊರಿನ ಹೆಸರು. ಕಂದಾಯ ದಾಖಲೆಯಲ್ಲಿ ಗಡಿ ಗುರುತಿಸಲಾದ ಒಂದು ಗ್ರಾಮದ ಹೆಸರು. ಅನೇಕ ಗ್ರಾಮಗಳನ್ನು ಒಳಗೊಂಡ ಒಂದು ಹೋಬಳಿಯ ಹೆಸರೂ ಹೌದು. ಕಂದಾಯ ಆಡಳಿತದಲ್ಲಿ ಈ ಹೋಬಳಿಯು ಚನ್ನರಾಯಪಟ್ಟಣಕ್ಕೆ ಸೇರಿದ್ದರೆ, 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹಾಸನ ತಾಲ್ಲೂಕಿನ ಶಾಂತಿಗ್ರಾಮ ಹೋಬಳಿಯಂತೆಯೇ ಹೊಳೆನರಸೀಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿತು. ಹೀಗೆ ಒಂದೇ ಹೆಸರು ಬೇರೆ ಬೇರೆ ವ್ಯಾಪ್ತಿಯ ಭೂಭಾಗಗಳನ್ನು ಸೂಚಿಸುತ್ತದೆ. ಪ್ರಬಂಧವೊಂದರಲ್ಲಿ ‘ದಂಡಿಗನಹಳ್ಳಿಯ ಪ್ರಾಚ್ಯಾವಶೇಷಗಳು’ ಎಂದು ಬರೆದಾಗ ಅವಶೇಷಗಳು ಯಾವ ವ್ಯಾಪ್ತಿಗೆ ಸೇರಿದವು ಎಂಬುದು ಸ್ಪಷ್ಟವಾಗದಿದ್ದರೆ, ಅದನ್ನು ಆಧರಿಸುವ ಮುಂದಿನ ಅಧ್ಯಯನಗಳೂ ದಾರಿ ತಪ್ಪುತ್ತವೆ.

ಈ ತೊಡಕು ಒಂದು ಹೆಸರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹಳ್ಳಿ, ಊರು, ಗ್ರಾಮ, ನಾಡು, ಮಂಡಲ ಮುಂತಾದ ಪದಗಳನ್ನು ಶಾಸನತಜ್ಞರು, ಕಂದಾಯ ಅಧಿಕಾರಿಗಳು, ಜನಗಣತಿದಾರರು, ಸಮಾಜಶಾಸ್ತ್ರಜ್ಞರು ಒಂದೇ ಬಗೆಯಲ್ಲಿ ಬಳಸುವುದಿಲ್ಲ. ಪದ ಸಮಾನವಾಗಿರುವುದರಿಂದ ಅರ್ಥವೂ ಸಮಾನವೆಂಬ ಭ್ರಮೆ ಉಂಟಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಪರಿಸರವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಪದಗಳ ಅರ್ಥವ್ಯತ್ಯಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ‘ಹಳ್ಳಿ’ ಎಂಬ ಪದವನ್ನು ಗಮನಿಸಬಹುದು. ಇದರ ಹಳಗನ್ನಡ ರೂಪ ‘ಪಳ್ಳಿ’. ಪಕಾರವು ಹಕಾರವಾದ ಧ್ವನಿವ್ಯತ್ಯಾಸದಿಂದ ಈಗಿನ ರೂಪ ಬಂದಿದೆ. ದ್ರಾವಿಡ ಭಾಷೆಗಳಲ್ಲಿ ಈ ಪದದ ಹರಹು ವಿಸ್ತಾರವಾದುದು. ತಮಿಳಿನಲ್ಲಿ ಅದಕ್ಕೆ ವಾಸಸ್ಥಾನ, ಜೈನರ ನೆಲೆ, ಪಾಠಶಾಲೆ ಎಂಬ ಅರ್ಥಗಳಿವೆ. ಮಲಯಾಳದಲ್ಲಿ ಅದು ಇಗರ್ಜಿಗೂ ಮಸೀದಿಗೂ ಸಲ್ಲುತ್ತದೆ. ಕನ್ನಡದಲ್ಲಿ ವಾಸಸ್ಥಾನ ಎಂಬ ಅರ್ಥವೇ ಪ್ರಧಾನವಾಗಿ ನಿಂತಿತು. ಶಾಸನಗಳಲ್ಲಿ ಬರುವ ‘ಕಾಲುವಳ್ಳಿ’ ಎಂಬ ಪ್ರಯೋಗವು ಒಂದು ಮುಖ್ಯ ಊರಿಗೆ ಅಧೀನವಾಗಿದ್ದ ಸಣ್ಣ ನೆಲೆಗಳನ್ನು ಸೂಚಿಸುತ್ತದೆ. ದಾನವಾಗಿ ಕೊಟ್ಟದ್ದು ಒಂದು ಊರು ಎಂದು ಶಾಸನ ಹೇಳಿದರೂ ಅದರೊಡನೆ ಕಾಲುವಳ್ಳಿಗಳೂ ಸೇರಿರುವುದುಂಟು. ಆದ್ದರಿಂದ ದಾನವಸ್ತುವನ್ನು ಒಂದೇ ನೆಲೆಯೆಂದು ಎಣಿಸುವುದು ಸರಿಯಾಗದು.

ದಂಡಿಗನಹಳ್ಳಿ ಎಂಬ ಸಮಾಸದ ರಚನೆಯೂ ಇಲ್ಲಿ ಪ್ರಸ್ತುತವಾಗುತ್ತದೆ. ಪೂರ್ವಪದದ ‘ನ’ಕಾರವು ಪುಲ್ಲಿಂಗ ಷಷ್ಠಿಯ ರೂಪ. ಪಲ್ಲಕ್ಕಿ ಎಂಬ ಅರ್ಥದ ‘ದಂಡಿಗೆ’ ಇದರ ಮೂಲವಾಗಿದ್ದರೆ ವ್ಯಾಕರಣದಂತೆ ‘ದಂಡಿಗೆಯ ಹಳ್ಳಿ’ ಎಂದಾಗಬೇಕಿತ್ತು. ಈಗಿರುವ ರೂಪವು ದಂಡಿಗನೆಂಬ ವ್ಯಕ್ತಿಯ ಅಥವಾ ಆ ಉಪನಾಮವುಳ್ಳವನ ಹಳ್ಳಿ ಎಂಬ ಅರ್ಥಕ್ಕೆ ಎಡೆಕೊಡುತ್ತದೆ. ಸ್ಥಳನಾಮ ವಿಜ್ಞಾನದ ದೃಷ್ಟಿಯಲ್ಲಿ ಈ ‘ಹಳ್ಳಿ’ಯು ಒಂದು ವಾರ್ಗಿಕ, ಎಂದರೆ ನೆಲೆಯ ವರ್ಗವನ್ನು ತಿಳಿಸುವ ಉತ್ತರಪದ. ಆದರೆ ವಾರ್ಗಿಕವು ಹೆಸರು ಹುಟ್ಟಿದ ಕಾಲದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಅನಂತರದ ಬೆಳವಣಿಗೆಯನ್ನು ಹೇಳುವುದಿಲ್ಲ. ಹಳ್ಳಿ ಹೋಬಳಿಯ ಕೇಂದ್ರವಾದ ಮೇಲೂ ಅದರ ಹೆಸರು ಹಳ್ಳಿಯಾಗಿಯೇ ಉಳಿಯಿತು.

ಇದೇ ತಾಲ್ಲೂಕಿನ ನುಗ್ಗೇಹಳ್ಳಿ ಇದಕ್ಕೆ ಉತ್ತಮ ನಿದರ್ಶನ. ಹೊಯ್ಸಳ ಸೋಮೇಶ್ವರನ ದಂಡನಾಯಕನಾಗಿದ್ದ ಬೊಮ್ಮಣ್ಣನು 1246ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ನಿರ್ಮಿಸಿದನು. ಊರು ವಿಜಯಸೋಮನಾಥಪುರವೆಂಬ ಅಗ್ರಹಾರವಾಯಿತು. ಶಾಸನದ ಭಾಷೆಯಲ್ಲಿ ‘ಪುರ’ವಾದದ್ದು ಜನರ ಬಾಯಲ್ಲಿ ‘ಹಳ್ಳಿ’ಯಾಗಿಯೇ ಉಳಿದು, ಕೊನೆಗೆ ಆ ಹೆಸರೇ ಗೆದ್ದಿತು. ಇದಕ್ಕೆ ವಿರುದ್ಧವಾದ ನಿದರ್ಶನ ಚನ್ನರಾಯಪಟ್ಟಣ. ಕೊಳತ್ತೂರು ಎಂಬುದು ಅದರ ಹಿಂದಿನ ಹೆಸರು. ಸುಮಾರು 1600ರ ವೇಳೆಗೆ ಹೊಳೆನರಸೀಪುರದ ನಾಯಕನ ವಶವಾದ ಮೇಲೆ ಅದು ‘ಪಟ್ಟಣ’ವೆಂಬ ಹೊಸ ಹೆಸರನ್ನು ಪಡೆಯಿತು, ಇಲ್ಲಿ ಹೊಸ ಹೆಸರೇ ನಿಂತಿತು. ಪುರ, ಪಟ್ಟಣ, ಹಳ್ಳಿ ಎಂಬ ಉತ್ತರಪದಗಳನ್ನು ಮಾತ್ರ ನೋಡಿ ಮಧ್ಯಕಾಲದ ನಗರೀಕರಣವನ್ನು ಅಳೆಯುವ ಪ್ರಯತ್ನಗಳು ಎಷ್ಟು ಅಪಾಯಕರ ಎಂಬುದನ್ನು ಈ ಎರಡು ಊರುಗಳೇ ತೋರಿಸುತ್ತವೆ.

‘ಗ್ರಾಮ’ ಎಂಬ ಸಂಸ್ಕೃತ ಪದದ ಇತಿಹಾಸ ಇನ್ನೊಂದು ಬಗೆಯದು. ದಾನಶಾಸನಗಳಲ್ಲಿ ಗ್ರಾಮವೆಂದರೆ ನಾಲ್ಕು ಎಲ್ಲೆಗಳಿಂದ ಸುತ್ತುವರಿದ, ಹಕ್ಕುಗಳೊಡನೆ ಕೊಡಬಹುದಾದ ಭೂಘಟಕ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಉಲ್ಲೇಖವು ಈ ಅರ್ಥವನ್ನು ಸ್ಪಷ್ಟಪಡಿಸುತ್ತದೆ. ಇಲ್ಲಿ ಮನೆಗಳಿಗಿಂತ ಎಲ್ಲೆ ಮುಖ್ಯ, ವಾಸಿಸುವವರಿಗಿಂತ ಹಕ್ಕು ಮುಖ್ಯ. ಹಾಸನ ತಾಲ್ಲೂಕಿನ ಶಾಂತಿಗ್ರಾಮದಲ್ಲಿ ಈ ಸಾಮಾನ್ಯನಾಮವೇ ಅಂಕಿತನಾಮವಾದದ್ದು ಕುತೂಹಲಕರ ಸಂಗತಿ. ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರಿನೊಡನೆ ಹೊಂದಿಸಿ ಹೇಳಲಾಗುವ ಈ ಊರು ರೂಢಿಯಲ್ಲಿ ಬರಿಯ ‘ಗ್ರಾಮ’ವಾಯಿತು; ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲೂ ಅದು ಇದೇ ಹೆಸರಿನಿಂದ ದಾಖಲಾಗಿದೆ.

ಆಧುನಿಕ ಕಂದಾಯ ವ್ಯವಸ್ಥೆಯು ‘ಗ್ರಾಮ’ ಪದದ ಈ ಎಲ್ಲೆಪ್ರಧಾನ ಅರ್ಥವನ್ನೇ ಮುಂದುವರಿಸಿತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಕಂದಾಯ ಮೋಜಣಿಯಿಂದ ಪ್ರತಿ ಗ್ರಾಮಕ್ಕೂ ನಕ್ಷೆ, ಸರ್ವೆ ನಂಬರು, ಗಡಿಕಲ್ಲುಗಳು ಬಂದವು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ ಪ್ರಕಾರ ಭೂದಾಖಲೆಗಳಲ್ಲಿ ಗ್ರಾಮವೆಂದು ಮಾನ್ಯವಾದ ಪ್ರದೇಶವೇ ಗ್ರಾಮ. ಪಟ್ಟಣ ಮತ್ತು ನಗರಗಳೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಹೀಗಾಗಿ ಕಂದಾಯದ ಭಾಷೆಯಲ್ಲಿ ನಗರವೂ ಗ್ರಾಮವೆನಿಸಬಹುದು. ಇನ್ನೊಂದು ಕಡೆ, ಜನರೇ ಇಲ್ಲದ ಗ್ರಾಮಗಳೂ ಉಂಟು. ಇವುಗಳನ್ನು ದಾಖಲೆಗಳಲ್ಲಿ ‘ಬೇಚಿರಾಕ್ ಗ್ರಾಮ’ ಎಂದು ಕರೆಯಲಾಗುತ್ತದೆ. ದೀಪವಿಲ್ಲದ್ದು ಎಂಬುದು ಈ ಪಾರಸಿ ಮೂಲದ ಪದದ ಅರ್ಥ. 2011ರ ಜನಗಣತಿಯು ರಾಜ್ಯದಲ್ಲಿ ಗುರುತಿಸಿದ 29,340 ಗ್ರಾಮಗಳ ಪೈಕಿ ಜನವಸತಿ ಇದ್ದವು 27,397 ಮಾತ್ರ. ಉಳಿದ 1,943 ಗ್ರಾಮಗಳಲ್ಲಿ ಎಲ್ಲೆಯುಂಟು, ಹೆಸರುಂಟು, ಒಲೆ ಹೊತ್ತಿಸುವವರಿಲ್ಲ. ಶಾಸನೋಕ್ತ ಊರುಗಳನ್ನು ಗುರುತಿಸುವವರಿಗೆ ಈ ಬೇಚಿರಾಕ್ ಹೆಸರುಗಳು ಅಮೂಲ್ಯ ಆಕರ. ಜನವಸತಿಗಳ ಪಟ್ಟಿಯಲ್ಲಿ ಕಾಣದ ಎಷ್ಟೋ ಹಳೆಯ ಹೆಸರುಗಳು ಮೋಜಣಿ ನಕ್ಷೆಯಲ್ಲಿ ಉಳಿದಿರುತ್ತವೆ.

ಊರು ಅಳಿಯಲು ಕ್ಷಾಮ, ಪ್ಲೇಗು, ಯುದ್ಧಗಳು ಕಾರಣವಾದಂತೆ ಜಲಾಶಯಗಳೂ ಕಾರಣವಾಗಿವೆ. ಗೊರೂರಿನ ಬಳಿ ಹೇಮಾವತಿ ಜಲಾಶಯವು 1979ರಲ್ಲಿ ಪೂರ್ಣಗೊಂಡಾಗ ಹಿನ್ನೀರಿನ ಹಲವು ನೆಲೆಗಳು ಸ್ಥಳಾಂತರಗೊಂಡವು. ಶೆಟ್ಟಿಹಳ್ಳಿ ಎಂದರೆ ಇಂದು ಅನೇಕರ ಕಣ್ಣಮುಂದೆ ಬರುವುದು ನೀರಿನಲ್ಲಿ ನಿಂತ ಇಗರ್ಜಿಯ ಗೋಡೆಗಳು. ಅಲ್ಲಿಂದ ಎದ್ದುಹೋದವರಿಗಾದರೋ ಅದು ಬಿಟ್ಟುಬಂದ ಮನೆ, ಹೊಲ ಹಾಗೂ ನೆರೆಹೊರೆಯ ಹೆಸರು.

ಪಂಚಾಯತ್ ವ್ಯವಸ್ಥೆಯಲ್ಲಿ ಗ್ರಾಮದ ಅರ್ಥ ಮತ್ತೆ ಬದಲಾಯಿತು. 1992ರ 73ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 243ನೆಯ ವಿಧಿಯಂತೆ, ರಾಜ್ಯಪಾಲರು ಅಧಿಸೂಚನೆಯಿಂದ ನಿರ್ದಿಷ್ಟಪಡಿಸಿದ ಗ್ರಾಮಗಳ ಸಮೂಹವೂ ‘ಗ್ರಾಮ’ವೇ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯು ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿಯನ್ನು ವಿಧಿಸಿತು. ಅದಕ್ಕೂ ಮುಂಚೆ 1983ರ ಕಾಯಿದೆಯು ಊರುಗಳ ಗುಂಪಿಗೆ ‘ಮಂಡಲ’ ಎಂಬ ಹೆಸರನ್ನು ಕೊಟ್ಟಿತ್ತು. ಹೊಯ್ಸಳ ಅರಸರು ಧರಿಸಿದ ‘ಮಹಾಮಂಡಲೇಶ್ವರ’ ಬಿರುದಿನಲ್ಲಿ ವಿಶಾಲ ಪ್ರದೇಶವನ್ನು ಸೂಚಿಸುತ್ತಿದ್ದ ಪದವು ಹೀಗೆ ಕೆಲವೇ ಊರುಗಳ ಘಟಕಕ್ಕೆ ಇಳಿಯಿತು.

ಸಮಾಜಶಾಸ್ತ್ರಕ್ಕೆ ಬೇಕಾದ ಹಳ್ಳಿ ಎಲ್ಲೆಯದೂ ಅಲ್ಲ, ಜನಸಂಖ್ಯೆಯದೂ ಅಲ್ಲ, ಸಂಬಂಧಗಳದು. ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಊರೊಂದರಲ್ಲಿ ಕ್ಷೇತ್ರಕಾರ್ಯ ನಡೆಸಿ, ಅದನ್ನು ‘ರಾಮಪುರ’ ಎಂಬ ಕಲ್ಪಿತ ಹೆಸರಿನಿಂದ ಕರೆದು, 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಣುವುದು ಜಾತಿ, ಒಕ್ಕಲು, ಯಜಮಾನಿಕೆಗಳ ಹೆಣಿಗೆ. ಆದರೆ ಊರಿನವರ ಮಾತಿನಲ್ಲಿ ‘ಊರು’ ಎಂಬುದಕ್ಕೇ ಒಂದು ಒಳಗಡಿ ಇತ್ತು. ಹಳೆಯ ಬಳಕೆಯಲ್ಲಿ ಬೀದಿ, ಓಣಿ ಎಂಬ ಸಾಮಾನ್ಯ ಅರ್ಥವಿದ್ದ ‘ಕೇರಿ’ ಎಂಬ ಪದವು ಕ್ರಮೇಣ ದಲಿತರ ವಾಸಸ್ಥಾನಕ್ಕೆ ಮೀಸಲಾಗಿ, ‘ಊರು’ ಅದನ್ನು ಹೊರಗಿಟ್ಟು ಉಳಿದದ್ದನ್ನು ಹೇಳತೊಡಗಿತು. ಸಿದ್ಧಲಿಂಗಯ್ಯನವರ ಆತ್ಮಕಥನದ ಶೀರ್ಷಿಕೆ ‘ಊರು ಕೇರಿ’ ಎಂದಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ‘ಊರವರೆಲ್ಲ ಸೇರಿ’ ಎಂಬ ಹೇಳಿಕೆಯನ್ನು ದಾಖಲೆಯಲ್ಲಿ ಕಂಡಾಗ ಆ ‘ಎಲ್ಲ’ದೊಳಗೆ ಯಾರಿದ್ದರು ಎಂಬ ಪ್ರಶ್ನೆಯನ್ನು ಇತಿಹಾಸಕಾರನು ಕೇಳಲೇಬೇಕಾಗುತ್ತದೆ.

ಗ್ರಾಮಕ್ಕಿಂತ ಮೇಲಿನ ಘಟಕಗಳಲ್ಲಿಯೂ ಇದೇ ಸ್ಥಿತಿ. ಹೊಯ್ಸಳರ ಕಾಲದಲ್ಲಿ ‘ನಾಡು’ ಎಂದರೆ ಹಲವು ಊರುಗಳ ಆಡಳಿತ ವಿಭಾಗ. ವಿಜಯನಗರದ ಕಾಲದಲ್ಲಿ ಸೀಮೆ, ಸ್ಥಳಗಳೂ ಅದರೊಡನೆ ಬಳಕೆಗೆ ಬಂದವು. ಮೈಸೂರಿನ ಆಡಳಿತದಲ್ಲಿ ತಾಲ್ಲೂಕಿಗೂ ಗ್ರಾಮಕ್ಕೂ ನಡುವೆ ‘ಹೋಬಳಿ’ಯು ನೆಲೆನಿಂತು, ಶೇಕದಾರನ ಅಧಿಕಾರವ್ಯಾಪ್ತಿಯಾಯಿತು. ಇಂದು ‘ನಾಡು’ ಎಂದರೆ ಇಡೀ ಕರ್ನಾಟಕ. 2004ರಲ್ಲಿ ಘೋಷಿತವಾದ ನಾಡಗೀತೆಯಲ್ಲಿ ಇರುವುದು ಈ ಅರ್ಥ. ಅದೇ ಕಾಲಕ್ಕೆ ಹೋಬಳಿಯ ಸರ್ಕಾರಿ ಕಚೇರಿಗೆ ‘ನಾಡಕಚೇರಿ’ ಎಂದು ಹೆಸರು. ಜಾತಿ, ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಹೋಗುವ ರೈತನು ತಿಳಿಯದೆಯೇ ಪದದ ಹಳೆಯ ಅರ್ಥಕ್ಕೆ ಸಮೀಪದಲ್ಲಿದ್ದಾನೆ.

ಆಕರಗ್ರಂಥಗಳ ಜೋಡಣೆಯೂ ಓದುಗನ ಗ್ರಹಿಕೆಯನ್ನು ರೂಪಿಸುತ್ತದೆ. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದೆ. ಶೋಧನೆಗೆ ಇದು ಅನುಕೂಲಕರ ಕ್ರಮ. ಆದರೆ ಹನ್ನೆರಡನೆಯ ಶತಮಾನದ ನಾಡಿಗೆ ಹತ್ತೊಂಬತ್ತನೆಯ ಶತಮಾನದ ತಾಲ್ಲೂಕಿನ ಗಡಿ ತಿಳಿದಿರಲಿಲ್ಲ. ಮೂರು ನಾಲ್ಕು ತಾಲ್ಲೂಕುಗಳ ಸರಹದ್ದು ಹತ್ತಿರ ಹತ್ತಿರ ಬರುವ ಇಂಥ ಪ್ರದೇಶದಲ್ಲಿ ಒಂದೇ ನಾಡಿಗೆ ಸೇರಿದ ಶಾಸನಗಳು ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋಗಬಹುದು. ತಾಲ್ಲೂಕನ್ನೇ ಅಧ್ಯಯನದ ಘಟಕವಾಗಿ ಆರಿಸಿಕೊಂಡ ಪ್ರಬಂಧವು ತನಗರಿವಿಲ್ಲದೆ ನಾಡನ್ನು ಕತ್ತರಿಸುತ್ತದೆ.

ಪದವನ್ನು ಸಡಿಲವಾಗಿ ಗ್ರಹಿಸಿದ್ದರಿಂದ ಎದ್ದ ಸಮಸ್ಯೆಗಳಲ್ಲಿ ಪ್ರಸಿದ್ಧವಾದುದು ನಾಡುಗಳ ಹೆಸರಿನ ಮುಂದಿರುವ ಸಂಖ್ಯೆಗಳದು. ಹಾಸನದ ಪರಿಸರವನ್ನು ಒಳಗೊಂಡಿದ್ದ ಗಂಗವಾಡಿ 96,000, ಅದರ ನೆರೆಯ ನೊಳಂಬವಾಡಿ 32,000, ಉತ್ತರದ ಬನವಾಸಿ 12,000 ಎಂಬ ಶಾಸನೋಕ್ತ ಸಂಖ್ಯೆಗಳನ್ನು ಗ್ರಾಮಗಳ ಎಣಿಕೆಯೆಂದು ಕೆಲವರು ತಿಳಿದರು. ಕಂದಾಯದ ಮೊತ್ತವೆಂದು, ಜನಸಂಖ್ಯೆಯೆಂದು ತಿಳಿದವರೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ಇಡೀ ರಾಜ್ಯದಲ್ಲಿ, ಬೇಚಿರಾಕ್ ಗ್ರಾಮಗಳನ್ನು ಸೇರಿಸಿದರೂ, ಮೂವತ್ತು ಸಾವಿರ ಗ್ರಾಮಗಳಿರಲಿಲ್ಲ. ಆದ್ದರಿಂದ ಗಂಗವಾಡಿಯ ಸಂಖ್ಯೆಯನ್ನು ಈಗಿನ ಅರ್ಥದ ಗ್ರಾಮಗಳ ಎಣಿಕೆಯೆಂದು ಹೇಳಲು ಬರುವುದಿಲ್ಲ. ಕಿಸುಕಾಡು 70ರಂತಹ ಸಣ್ಣ ಘಟಕಗಳಲ್ಲಿ ಗ್ರಾಮಗಳ ಎಣಿಕೆ ಸಂಭಾವ್ಯ. ಸಂಖ್ಯೆಯ ಅರ್ಥವನ್ನು ನಿರ್ಧರಿಸುವ ಮುನ್ನ ಎಣಿಸಿದ ವಸ್ತು ಯಾವುದೆಂದು ನಿರ್ಧರಿಸಬೇಕೆಂಬ ಪಾಠ ಇಲ್ಲಿದೆ.

ಇದು ವಿದ್ವತ್ತಿನ ವಲಯಕ್ಕೆ ಸೀಮಿತವಾದ ಚರ್ಚೆಯೂ ಅಲ್ಲ. ಜನರಿಲ್ಲದ ಗ್ರಾಮಗಳು ದಾಖಲೆಯಲ್ಲಿ ಉಳಿದ ರಾಜ್ಯದಲ್ಲಿಯೇ, ತಲೆಮಾರುಗಳಿಂದ ಜನ ವಾಸಿಸಿದ ಗೊಲ್ಲರಹಟ್ಟಿ, ಲಂಬಾಣಿ ತಾಂಡಾ, ಹಾಡಿ, ಮಜರೆಗಳು ಗ್ರಾಮವೆನಿಸದೆ ಉಳಿದವು. ನೆಲೆಗೆ ದಾಖಲೆಯಿಲ್ಲದ ಕಾರಣ ಮನೆಗೆ ಹಕ್ಕುಪತ್ರ ಇರಲಿಲ್ಲ. 2017ರಲ್ಲಿ ಜಾರಿಗೆ ಬಂದ ಕರ್ನಾಟಕ ಭೂಸುಧಾರಣಾ ತಿದ್ದುಪಡಿಯು ದಾಖಲೆರಹಿತ ಜನವಸತಿಗಳ ನಿವಾಸಿಗಳಿಗೆ ಮನೆಯ ಹಕ್ಕನ್ನು ಕೊಡುವ ದಾರಿಯನ್ನು ತೆರೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾ ನಿವಾಸಿಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆ ನಡೆಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಈ ಮಳಖೇಡ. ರಾಜಧಾನಿ ಗ್ರಾಮವಾದ ಸ್ಥಳದಲ್ಲಿ, ಗ್ರಾಮವೆನಿಸದ ನೆಲೆಗಳಿಗೆ ಮಾನ್ಯತೆಯ ಪತ್ರ ದೊರೆಯಿತು.

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹಳ್ಳಿ, ಗ್ರಾಮ, ನಾಡು ಎಂಬ ಪದಗಳಿಗೆ ಕಾಲಾತೀತವಾದ ಏಕಾರ್ಥವಿಲ್ಲ. ದಾನ ಕೊಡುವವನು ಎಲ್ಲೆಯನ್ನು, ಕಂದಾಯ ಇಲಾಖೆ ಸರ್ವೆ ನಂಬರನ್ನು, ಪಂಚಾಯತ್ ಕಾಯಿದೆ ತಲೆಯೆಣಿಕೆಯನ್ನು, ಸಮಾಜಶಾಸ್ತ್ರ ಸಂಬಂಧಗಳನ್ನು ಮುಖ್ಯವಾಗಿಸಿಕೊಂಡು ಒಂದೇ ಪದವನ್ನು ಬಳಸುತ್ತವೆ. ಪ್ರತಿಯೊಂದು ಬಳಕೆಯೂ ತನ್ನ ಕ್ಷೇತ್ರದಲ್ಲಿ ಸಾಧುವೇ. ಒಂದು ಕ್ಷೇತ್ರದ ಅರ್ಥವನ್ನು ಇನ್ನೊಂದರ ಮೇಲೆ ಹೇರಿದಾಗ ದೋಷ ಹುಟ್ಟುತ್ತದೆ. ಆದ್ದರಿಂದ ಸ್ಥಳೀಯ ಚರಿತ್ರೆಯ ಬರಹಗಳಲ್ಲಿ ಶಾಸನೋಕ್ತ ಗ್ರಾಮ, ಕಂದಾಯ ಗ್ರಾಮ, ಜನವಸತಿ, ಪಂಚಾಯಿತಿ, ಹೋಬಳಿ ಎಂಬ ಭೇದವನ್ನು ಮೊದಲ ಉಲ್ಲೇಖದಲ್ಲಿಯೇ ತಿಳಿಸುವುದು, ನಾಡಿನ ಅಧ್ಯಯನದಲ್ಲಿ ತಾಲ್ಲೂಕಿನ ಗಡಿಯನ್ನು ದಾಟಿ ಶಾಸನಗಳನ್ನು ಜೋಡಿಸಿ ನೋಡುವುದು, ಬೇಚಿರಾಕ್ ಗ್ರಾಮಗಳ ಹೆಸರುಗಳನ್ನು ಆಕರವಾಗಿ ಪರಿಗಣಿಸುವುದು ಅವಶ್ಯ. ದಂಡಿಗನಹಳ್ಳಿಯ ಚರಿತ್ರೆಯನ್ನು ಬರೆಯುವವರು ತಾವು ಯಾವ ದಂಡಿಗನಹಳ್ಳಿಯನ್ನು ಕುರಿತು ಬರೆಯುತ್ತಿದ್ದೇವೆ ಎಂಬುದನ್ನು ಮೊದಲ ವಾಕ್ಯದಲ್ಲಿ ಹೇಳಿದರೆ, ಎರಡನೆಯ ವಾಕ್ಯದಿಂದ ಆ ಚರಿತ್ರೆಯು ನಂಬಿಕೆಗೆ ಅರ್ಹವಾಗುತ್ತದೆ.