ಕಳೆದುಹೋದ ಪತ್ರ, ಉಳಿದಿರುವ ಪುಸ್ತಕ



ಮಗುವನ್ನು ಶಾಲೆಗೆ ಸೇರಿಸುವಾಗ ಅಥವಾ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ನಾವು ಜನನ ಪ್ರಮಾಣ ಪತ್ರಕ್ಕಾಗಿ ಪೆಟ್ಟಿಗೆಯ ತಳವನ್ನು ತಡಕುತ್ತೇವೆ. ಅದು ಸಿಗದಿದ್ದರೆ, ಇಲ್ಲವೇ ಗೆದ್ದಲಿಗೆ ಆಹಾರವಾಗಿದ್ದರೆ, ಮನೆಯಲ್ಲಿ ಕಳವಳ ಹುಟ್ಟುತ್ತದೆ. ಆದರೆ ನಮ್ಮ ಕೈಯಲ್ಲಿದ್ದ ಆ ಕಾಗದ ಮೊದಲಿನಿಂದಲೂ ಒಂದು ಪ್ರತಿ ಮಾತ್ರ. ಮೂಲವಿರುವುದು ನೋಂದಣಿ ಪುಸ್ತಕದಲ್ಲಿ. ಪುಸ್ತಕ ಉಳಿದಿದ್ದರೆ ಪತ್ರವನ್ನು ಎಷ್ಟು ಸಲವಾದರೂ ಪಡೆಯಬಹುದು. ಪುಸ್ತಕವೇ ಇಲ್ಲವಾದರೆ ಏನು ಗತಿ? ಈ ಪ್ರಶ್ನೆ ಬಹಳ ಹಳೆಯದು.

ಬಾಬಿಲೋನಿನ ಸೆರೆಯಿಂದ ಜೆರುಸಲೇಮಿಗೆ ಹಿಂದಿರುಗಿದವರ ಪಟ್ಟಿ ಎಜ್ರನ ಗ್ರಂಥದ 2ನೆಯ ಅಧ್ಯಾಯದಲ್ಲಿದೆ. ಅದರಲ್ಲಿ ಯಾಜಕ ವಂಶದವರೆಂದು ಹೇಳಿಕೊಂಡ ಮೂರು ಮನೆತನಗಳು ತಮ್ಮ ವಂಶಾವಳಿಯ ದಾಖಲೆಯನ್ನು ಹುಡುಕಿದರೂ ಅದು ಸಿಗಲಿಲ್ಲ. ಆದಕಾರಣ ಅವರನ್ನು ಯಾಜಕ ಸೇವೆಯಿಂದ ದೂರವಿಡಲಾಯಿತು. ಊರೀಮ್ ತುಮ್ಮೀಮ್ ಧರಿಸಿದ ಯಾಜಕನೊಬ್ಬ ಬರುವ ತನಕ ಅವರು ಕಾಯಬೇಕೆಂದು ರಾಜ್ಯಪಾಲನು ಹೇಳಿದನು. ಅವರನ್ನು ಜನರ ನಡುವಿನಿಂದ ಹೊರಗಟ್ಟಲಿಲ್ಲ ಎಂಬುದನ್ನು ಗಮನಿಸಿರಿ. ಆ ಮೂರರಲ್ಲಿ ಒಂದಾದ ಹಕ್ಕೋಚನ ಮನೆತನದವನೊಬ್ಬ ಮುಂದೆ ನೆಹೆಮೀಯನ ಕಾಲದಲ್ಲಿ ನಗರದ ಗೋಡೆ ಕಟ್ಟುವವರ ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾನೆ.

ನಮ್ಮ ಧರ್ಮಕೇಂದ್ರಗಳ ಪುಸ್ತಕಗಳಿಗೆ ತ್ರೆಂತ್ ಮಹಾಸಭೆಯೇ ಬುನಾದಿ. 1563ರ ನವೆಂಬರಿನಲ್ಲಿ ಆ ಸಭೆ, ವಿವಾಹವಾದವರ ಮತ್ತು ಸಾಕ್ಷಿಗಳ ಹೆಸರನ್ನು ಗುರುಗಳು ಪುಸ್ತಕದಲ್ಲಿ ಬರೆದಿಡಬೇಕೆಂದೂ ಜ್ಞಾನಸ್ನಾನದ ವೇಳೆ ಜ್ಞಾನತಂದೆ-ಜ್ಞಾನತಾಯಿಯರ ಹೆಸರನ್ನು ದಾಖಲಿಸಬೇಕೆಂದೂ ವಿಧಿಸಿತು. ಹುಟ್ಟಿದ ದಿನವನ್ನು ಸಾಬೀತುಪಡಿಸುವುದು ಅಂದಿನ ಉದ್ದೇಶವಾಗಿರಲಿಲ್ಲ. ಗುಟ್ಟಿನ ಮದುವೆಗಳನ್ನೂ ಆತ್ಮಿಕ ಸಂಬಂಧವುಳ್ಳವರ ನಡುವಣ ಮದುವೆಗಳನ್ನೂ ತಡೆಯುವುದು ಅದರ ಗುರಿ. 1614ರಲ್ಲಿ ಪೋಪ್ 5ನೆಯ ಪೌಲರ ಕಾಲದಲ್ಲಿ ಪ್ರಕಟವಾದ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಕುಟುಂಬಗಳ ವಿವರ ಎಂದು ಐದು ಬಗೆಯ ಪುಸ್ತಕಗಳಿಗೆ ಮಾದರಿ ಒದಗಿಸಿತು. ಹೀಗೆ ಅರಸನ ಮಗನ ಹೆಸರೂ ಆಳಿನ ಮಗಳ ಹೆಸರೂ ಒಂದೇ ಪುಸ್ತಕವನ್ನು ಸೇರಿದವು.

ಪುಸ್ತಕ ಇಲ್ಲವಾಗುವ ಸಂಕಟವನ್ನು ಕರಾವಳಿಯ ಕ್ರೈಸ್ತರು ಕಂಡವರೇ. 1784ರ ವಿಭೂತಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸಾವಿರಾರು ಮಂದಿಯನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1680ರಲ್ಲಿ ಸ್ಥಾಪನೆಯಾಗಿದ್ದ ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಅನೇಕ ಚರ್ಚುಗಳು ನೆಲಸಮವಾದವು. ಚರ್ಚು ಉರುಳಿದ ಕಡೆ ಪುಸ್ತಕ ಉಳಿದೀತೇ? 1799ರಲ್ಲಿ ಬಿಡುಗಡೆಗೊಂಡು ಊರಿಗೆ ಮರಳಿದವರಿಗೆ ತಮ್ಮ ಮನೆತನದ ವಿಷಯದಲ್ಲಿ ಬಹುಮಟ್ಟಿಗೆ ಹಿರಿಯರ ನೆನಪೇ ದಾಖಲೆಯಾಯಿತು. ಅವರು ಚರ್ಚುಗಳನ್ನು ಮತ್ತೆ ಕಟ್ಟಿದರು. ಹೆಸರುಗಳನ್ನೂ ಮತ್ತೆ ಬರೆದಿಟ್ಟರು.

ಸರ್ಕಾರ ಈ ಕೆಲಸಕ್ಕೆ ಕೈಹಾಕಿದ್ದು ತಡವಾಗಿ. ಬ್ರಿಟಿಷ್ ಭಾರತದ 1886ರ ಕಾಯಿದೆಯಲ್ಲಿ ನೋಂದಣಿ ಜನರ ಇಚ್ಛೆಗೆ ಬಿಟ್ಟದ್ದಾಗಿತ್ತು. ಸ್ವತಂತ್ರ ಭಾರತದ 1969ರ ಜನನ ಮರಣ ನೋಂದಣಿ ಕಾಯಿದೆ ಅದನ್ನು ದೇಶದಾದ್ಯಂತ ಕಡ್ಡಾಯಗೊಳಿಸಿತು. ಹೆಚ್ಚಿನ ರಾಜ್ಯಗಳಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆ ಕಾಯಿದೆಯ 17ನೆಯ ಪ್ರಕರಣದ ಪ್ರಕಾರ ಯಾರೇ ಆಗಲಿ ಶುಲ್ಕ ತೆತ್ತು ಪುಸ್ತಕದಲ್ಲಿ ಹುಡುಕಿಸಿ ದೃಢೀಕೃತ ಪ್ರತಿಯನ್ನು ಪಡೆಯಬಹುದು. ಪತ್ರ ಕಳೆದುಕೊಂಡವರಿಗೆ ಇದೇ ಆಧಾರ.

ಇಲ್ಲಿ ಒಂದು ಸಂಗತಿ ಮುಖ್ಯ. ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ, ತಂದೆತಾಯಿಯರು ವಾಸಿಸುವ ಊರಿನಲ್ಲಿ ಅಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ಆದುದರಿಂದ ಗಂಡನ ಊರಿನ ಕಚೇರಿಯಲ್ಲಿ ಸಿಗದ ಹೆಸರು ತಾಯಿಯ ತವರೂರಿನ ಪುಸ್ತಕದಲ್ಲಿ ಇದ್ದೀತು. ಅಲ್ಲಿಯೂ ಇಲ್ಲವೆಂದಾದರೆ, ದಾಖಲೆ ಲಭ್ಯವಿಲ್ಲವೆಂಬ ಹಿಂಬರಹವನ್ನು ಪಡೆದು ತಡವಾದ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಹುಟ್ಟಿ ಒಂದು ವರ್ಷ ಮೀರಿದ್ದರೆ ಹಿಂದೆ ಪ್ರಥಮ ದರ್ಜೆ ದಂಡಾಧಿಕಾರಿಯ ಆದೇಶ ಬೇಕಾಗಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಹಾಗೂ ಉಪವಿಭಾಗೀಯ ದಂಡಾಧಿಕಾರಿಗಳಂಥವರಿಗೆ ವಹಿಸಿದೆ. ಅದೇ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ಉದ್ಯೋಗ ಮೊದಲಾದ ಕಾರ್ಯಗಳಲ್ಲಿ ಜನನ ದಿನಾಂಕಕ್ಕೂ ಸ್ಥಳಕ್ಕೂ ಜನನ ಪ್ರಮಾಣ ಪತ್ರವೇ ಪುರಾವೆ. ಅಂಥವರಿಗೆ ಜ್ಞಾನಸ್ನಾನ ಪತ್ರ ಅದರ ಬದಲಿಯಾಗದು. ಅದಕ್ಕಿಂತ ಮುಂಚೆ ಹುಟ್ಟಿದ ಹಿರಿಯರಿಗೆ ಅದು ಪೂರಕ ಸಾಕ್ಷ್ಯವಾಗಿ ನೆರವಾಗಬಹುದು.

ಈ ಕಾರಣಕ್ಕಾಗಿ ಅನೇಕರು ಧರ್ಮಕೇಂದ್ರದ ಕಚೇರಿಗೆ ಬರುತ್ತಾರೆ. ಜ್ಞಾನಸ್ನಾನದ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು, ಶಾಲೆಯ ಮೇಷ್ಟ್ರು ಬರೆದುಕೊಂಡದ್ದು ಮತ್ತೊಂದು ಆಗಿರುವುದುಂಟು. ಆಗ 'ಶಾಲೆಯ ದಿನಾಂಕಕ್ಕೆ ಹೊಂದುವಂತೆ ಬರೆದುಕೊಡಿ ಸ್ವಾಮಿ' ಎಂಬ ಬೇಡಿಕೆ ಬರುತ್ತದೆ. ಅವರ ಕಷ್ಟ ನಿಜವಾದದ್ದು. ಆದರೂ ಪುಸ್ತಕದಲ್ಲಿ ಇರುವುದನ್ನು ಇರುವಂತೆಯೇ ಕೊಡುವುದು ಪ್ರತಿಯ ಧರ್ಮ. ಒಬ್ಬರ ಅನುಕೂಲಕ್ಕೆ ಒಂದು ಸಾಲನ್ನು ತಿದ್ದಿದರೆ, ಆ ಪುಸ್ತಕದಲ್ಲಿರುವ ಎಲ್ಲರ ಸಾಲುಗಳೂ ನಂಬಿಕೆ ಕಳೆದುಕೊಳ್ಳುತ್ತವೆ. ನಾಳೆ ಅದರ ನಷ್ಟ ಅನುಭವಿಸುವವರು ಬೇರೆ ಯಾವ ದಾಖಲೆಯೂ ಇಲ್ಲದ ಬಡವರೇ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟೂ ಹೌದು, ಕರುಣಾಮಯವೂ ಹೌದು. 1983ರ ಸಂಹಿತೆಯ 535ನೆಯ ವಿಧಿ ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕೆನ್ನುತ್ತದೆ. ದೃಢೀಕರಣ, ವಿವಾಹ, ಗುರುದೀಕ್ಷೆಗಳನ್ನು ಜ್ಞಾನಸ್ನಾನದ ಸಾಲಿನ ಬಳಿಯಲ್ಲೇ ನಮೂದಿಸಬೇಕೆಂದೂ ವಿಧಿಸುತ್ತದೆ. ಮದುವೆಯ ವೇಳೆ ಹಳೆಯ ಪತ್ರವಿದ್ದರೂ ಹೊಸ ಪ್ರತಿಯನ್ನು ಕೇಳುವುದು ಇದಕ್ಕಾಗಿಯೇ. ಇನ್ನು 876ನೆಯ ವಿಧಿಯ ಪ್ರಕಾರ, ಯಾರಿಗೂ ಬಾಧಕವಿಲ್ಲದ ಸಂದರ್ಭದಲ್ಲಿ, ಜ್ಞಾನಸ್ನಾನ ಆಯಿತೆಂಬುದಕ್ಕೆ ಸಂಶಯಕ್ಕೆ ಎಡೆಯಿಲ್ಲದ ಒಬ್ಬ ಸಾಕ್ಷಿಯ ಮಾತು ಸಾಕು. ಪುಸ್ತಕ ಸುಟ್ಟುಹೋದರೂ ಮಗುವನ್ನು ಎತ್ತಿಕೊಂಡಿದ್ದ ಅಜ್ಜಿಯ ಮಾತಿಗೆ ಬೆಲೆಯಿದೆ.

ಆದುದರಿಂದ, ಪ್ರಿಯರೇ, ಅವಸರ ಬರುವ ಮುನ್ನವೇ ಮನೆಯವರೆಲ್ಲರ ಪತ್ರಗಳನ್ನು ಒಮ್ಮೆ ತೆಗೆದು ನೋಡಿರಿ. ಹೆಸರು, ಅಕ್ಷರ, ದಿನಾಂಕಗಳನ್ನು ಹೋಲಿಸಿರಿ. ಹುಟ್ಟಿದ ಊರು, ಜ್ಞಾನಸ್ನಾನವಾದ ಧರ್ಮಕೇಂದ್ರ ಯಾವುದೆಂದು ಹಿರಿಯರನ್ನು ಕೇಳಿ ಬರೆದಿಡಿರಿ. ಅಕ್ಷರ ಬಾರದ ನೆರೆಯವರಿದ್ದರೆ ಅವರೊಡನೆ ಕಚೇರಿಯ ತನಕ ನಡೆದುಹೋಗಿರಿ. ನಿಮ್ಮ ಹೆಸರುಗಳು ಸ್ವರ್ಗದಲ್ಲಿ ಬರೆಯಲ್ಪಟ್ಟಿವೆಯೆಂದು ಸಂತೋಷಪಡಿ ಎಂಬ ಅರ್ಥದಲ್ಲಿ ಪ್ರಭು ತಮ್ಮ ಶಿಷ್ಯರಿಗೆ ಹೇಳಿದರು. ಆ ಪುಸ್ತಕಕ್ಕೆ ಗೆದ್ದಲ ಭಯವಿಲ್ಲ. ಇಲ್ಲಿಯ ಪುಸ್ತಕಗಳನ್ನು ಕಾಯುವ ಹೊಣೆ ಮಾತ್ರ ನಮ್ಮದು.