ಹಾಡು ಊರಿನದು, ಟೇಪು ಕಂಪನಿಯದು: ಮಲಪ್ರಭೆಯ ಸೀಮೆಯಲ್ಲಿ ಕ್ಯಾಸೆಟ್ ಕಾಲದ ಒಡೆತನ

ಕನ್ನಡದ ಧ್ವನಿಮುದ್ರಣ ಕಂಪನಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ನಿಂತು ಬರೆಯಲಾಗುತ್ತದೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಭಾವಗೀತೆಯ ಧ್ವನಿಸುರುಳಿಗೆ ದಾರಿ ತೆರೆಯಿತು. ಸಂಗೀತಾ, ಲಹರಿಯಂಥ ಸ್ವತಂತ್ರ ಕಂಪನಿಗಳು ಬೆಳೆದವು. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖರ ಹಾಡುಗಳು ಲಹರಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿದವು. ಇದರಲ್ಲಿ ತಪ್ಪೇನಿಲ್ಲ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ನೋಡಿದರೆ ಅದೇ ಚರಿತ್ರೆಗೆ ಬೇರೆ ಮುಖವಿದೆ. ಲಾವಣಿ, ಗೀಗೀ, ಚೌಡಕಿ, ಸಣ್ಣಾಟಗಳ ಈ ಸೀಮೆಯ ಹಾಡು ಕಂಪನಿಗಳು ಬರುವ ಮೊದಲೇ ದೂರದೂರಕ್ಕೆ ಹಬ್ಬಿತ್ತು. ಕ್ಯಾಸೆಟ್ ಬಂದಾಗ ಬದಲಾದದ್ದು ಅದರ ಒಡೆತನ. ಯಾರ ಹೆಸರಿನಲ್ಲೂ ಇಲ್ಲದ ಹಾಡು ಮೊದಲ ಸಲ ಒಬ್ಬರ ಆಸ್ತಿಯಾಯಿತು, ಮತ್ತು ಆ ಒಬ್ಬರು ಹಾಡಿದವರಾಗಿರಲಿಲ್ಲ. ಈ ಲೇಖನದ ವಾದ ಇಷ್ಟೇ.

ಹಾಡು ಮೊದಲೇ ಹಬ್ಬಿತ್ತು ಎನ್ನುವುದಕ್ಕೆ ಗಟ್ಟಿ ಆಧಾರ ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಅವರ ಸಂಗ್ರಹ. 1880ರ ದಶಕದಲ್ಲಿ ಅವರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಒಂದು. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನ ಹಾಡು ಅರ್ಧ ಶತಮಾನ ಕಳೆದರೂ, ಅವನನ್ನು ಕೊಂದ ಸರ್ಕಾರದ ಅಧಿಕಾರಿಯ ಕಿವಿಗೆ ಬೀಳುವಷ್ಟು ಜೀವಂತವಾಗಿತ್ತು ಎಂದರೆ ಅದನ್ನು ಹೊತ್ತು ತಿರುಗುವ ವ್ಯವಸ್ಥೆಯೊಂದು ಇತ್ತೆಂದೇ ಅರ್ಥ. ಬೈಲಹೊಂಗಲದ ಸಂಗ್ಯಾ–ಬಾಳ್ಯಾರ ಕಥೆಯೂ ಹಾಗೆಯೇ ಊರಿಂದ ಊರಿಗೆ ಆಟವಾಗಿ ಹೋಯಿತು. ಮುಂದೆ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪುಸ್ತಕ ಮಾಡಿದರು. ಸವದತ್ತಿಯ ಎಲ್ಲಮ್ಮನ ಗುಡ್ಡವಂತೂ ದೊಡ್ಡ ಕೂಡುದಾಣ. ಬನದ ಹುಣ್ಣಿವೆ, ಭಾರತ ಹುಣ್ಣಿವೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಬರುವ ಭಕ್ತರು ಜೋಗತಿಯರ ಹಾಡನ್ನು ಭಂಡಾರದ ಜೊತೆಗೇ ಮನೆಗೆ ಒಯ್ದರು. ಈ ವ್ಯವಸ್ಥೆಯಲ್ಲಿ ದುಡ್ಡು ಇರಲಿಲ್ಲವೆಂದಲ್ಲ. ವೀಳ್ಯ ಕೊಟ್ಟು ಮೇಳವನ್ನು ಕರೆಸುತ್ತಿದ್ದರು. ಮೆಚ್ಚಿದವರು ನಡುವೆಯೇ ಆಹೇರಿ ಮಾಡುತ್ತಿದ್ದರು. ಆ ದುಡ್ಡು ಸಲ್ಲುತ್ತಿದ್ದದ್ದು ಆ ರಾತ್ರಿ ಹಾಡಿದ್ದಕ್ಕೆ. ಹಾಡು ಮಾತ್ರ ಮರುದಿನ ಇನ್ನೊಬ್ಬರ ಬಾಯಲ್ಲಿ ಇರುತ್ತಿತ್ತು.

ಗ್ರಾಮಫೋನ್ ಕಂಪನಿ 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿ ಹಿಡಿದು, 1908ರಲ್ಲಿ ಅಲ್ಲೇ ತಟ್ಟೆಗಳ ಕಾರ್ಖಾನೆ ತೆರೆಯಿತು. ಆದರೂ ಈ ಸೀಮೆಯ ಹಾಡಿನ ಮಟ್ಟಿಗೆ ಆ ಯುಗ ಹೆಚ್ಚು ಕಡಿಮೆ ಹಾಗೆಯೇ ಹಾದುಹೋಯಿತು. ಕಾರಣವನ್ನು ಆಡಳಿತದ ಗಡಿಯಲ್ಲಿ ಹುಡುಕಬೇಕು. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ರಾಮದುರ್ಗ 1948ರವರೆಗೆ ಸಂಸ್ಥಾನವಾಗಿತ್ತು. ಇಲ್ಲಿನ ಹಾಡುಗಾರರಿಗೆ ಧ್ವನಿಮುದ್ರಣದ ದಾರಿ ಮುಂಬಯಿಗೆ ಹೋಗುತ್ತಿತ್ತು, ಅಲ್ಲಿನ ಮಾರುಕಟ್ಟೆ ಕೇಳುತ್ತಿದ್ದದ್ದು ಹಿಂದಿ, ಮರಾಠಿ, ಹಿಂದುಸ್ತಾನಿ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳ ಮೇಲೆ ಗಾಂಧಾರಿ ಹುಬ್ಳೀಕರ್ ಎಂಬ ಹೆಸರಿತ್ತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಹೆಸರಿನಲ್ಲಿ ಮಾತ್ರ ನಾಡನ್ನು ಉಳಿಸಿಕೊಂಡು ಹಿಂದಿ ಚಿತ್ರಗೀತೆಯಲ್ಲಿ ಬೆಳಗಿದರು. ಮಲ್ಲಿಕಾರ್ಜುನ ಮನಸೂರರಂಥವರೂ ಹೆಚ್‌ಎಂವಿಯ ತಟ್ಟೆಗಳಲ್ಲಿ ರಾಗಗಳಿಂದಲೇ ಹೆಸರಾದರು. ಇನ್ನೊಂದು ತೊಡಕು ತಟ್ಟೆಯದೇ. ಮೂರು ಮಿನಿಟಿಗೆ ಒಂದು ಮಗ್ಗಲು ಮುಗಿಯುವ ಸಾಧನದಲ್ಲಿ ನಾಟಕದ ಪದ ಹಿಡಿಯುತ್ತಿತ್ತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ನಡೆಯುವ ಹರದೇಶಿ–ನಾಗೇಶಿ ವಾದ ಹಿಡಿಯುತ್ತಿರಲಿಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಜನಪದ ಹಾಡಿಗೆ ನಿಜವಾದ ಗೌರವ ಕೊಟ್ಟಿತು. ಆದರೆ ಬಾನುಲಿಯ ಹಾಡು ಕೇಳಿ ಬಿಡುವಂಥದು. ಕೊಂಡು ಮನೆಯಲ್ಲಿಟ್ಟುಕೊಳ್ಳುವ ಸರಕಾಗಲಿಲ್ಲ.

ಸರಕಾದದ್ದು ಕ್ಯಾಸೆಟ್ಟಿನಿಂದ. 1970ರ ದಶಕದ ಕೊನೆಗೆ ಆಮದು ನಿಯಮಗಳು ಸಡಿಲಗೊಂಡವು, ಕೊಲ್ಲಿ ದೇಶಗಳಿಂದ ಬಂದವರ ಕೈಯಲ್ಲಿ ಟೂ–ಇನ್–ಒನ್ ಕಾಣಿಸಿಕೊಂಡಿತು, 1983ರಲ್ಲಿ ಗುಲ್ಶನ್ ಕುಮಾರರ ಸೂಪರ್ ಕ್ಯಾಸೆಟ್ಸ್ ಹುಟ್ಟಿ ಬೆಲೆಯನ್ನು ನೆಲಕ್ಕಿಳಿಸಿತು. ಪೀಟರ್ ಮ್ಯಾನುಯಲ್ ಅವರ 1993ರ ಅಧ್ಯಯನದ ಪ್ರಕಾರ 1980ರ ದಶಕದ ನಡುವಿಗೆ ಭಾರತದ ಧ್ವನಿಮುದ್ರಿತ ಸಂಗೀತದ ಮಾರಾಟದಲ್ಲಿ ಶೇ. 95ರಷ್ಟು ಕ್ಯಾಸೆಟ್ಟುಗಳದೇ ಆಗಿತ್ತು. ತಟ್ಟೆ ಒತ್ತಲು ಕಾರ್ಖಾನೆ ಬೇಕು. ಕ್ಯಾಸೆಟ್ ಪ್ರತಿ ಮಾಡಲು ಒಂದು ಕೋಣೆ ಮತ್ತು ಕೆಲವು ಯಂತ್ರ ಸಾಕು. ಹಾಗಾಗಿ ಸಣ್ಣ ಬಂಡವಾಳದವರೂ ಕಂಪನಿ ಕಟ್ಟಬಹುದಾಯಿತು, ಸಣ್ಣ ಸೀಮೆಯ ರುಚಿಗೂ ಬೆಲೆ ಬಂತು. ಜಾತ್ರೆಯಲ್ಲಿ ಬಳೆ, ಬೆಂಡು ಬೆತ್ತಾಸಿನ ಸಾಲಿನಲ್ಲಿ ಕ್ಯಾಸೆಟ್ ಅಂಗಡಿಯೂ ಸೇರಿತು. ಮುದ್ರಣದ ಕೋಣೆಯೊಳಗೆ ಆದ ಬದಲಾವಣೆಯನ್ನು ತುಸು ಹತ್ತಿರದಿಂದ ನೋಡಬೇಕು. ಚೌಡಕಿಯನ್ನು ಕಂಕುಳಲ್ಲಿ ಅವುಚಿ, ಕೆಳಗಿನ ಚರ್ಮದಿಂದ ಎಳೆದ ತಂತಿಯನ್ನು ಒಂದು ಕೈಯಲ್ಲಿ ಬಿಗಿ ಮಾಡುತ್ತ ಸಡಿಲಿಸುತ್ತ ಇನ್ನೊಂದು ಕೈಯಿಂದ ಮೀಟುತ್ತಾರೆ. ಆ ಬಿಗಿ–ಸಡಿಲಿನಿಂದಲೇ ಮಾತಿನಂಥ ನಾದ ಹೊರಡುವುದು. ಹಾಡುವವರು ಕೇಳುಗರ ಮುಖ ನೋಡಿ ಕಥೆ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಮೈಕಿನ ಮುಂದೆ ಆ ಮುಖಗಳಿರಲಿಲ್ಲ. ಅರವತ್ತು ಮಿನಿಟಿನ ಟೇಪಿನಲ್ಲಿ ಮಗ್ಗಲಿಗೆ ಅರ್ಧ ತಾಸಷ್ಟೇ. ಎಲ್ಲಿ ಮುಗಿಸಬೇಕೆಂಬುದನ್ನು ಕಥೆಯ ಬದಲು ಟೇಪು ಹೇಳತೊಡಗಿತು, ಮತ್ತು ಹಾಗೆ ಒಮ್ಮೆ ನಿಂತ ಪಾಠವೇ ಮಾರಾಟದ ಪಾಠವಾಯಿತು.

ಒಡೆತನದ ಪ್ರಶ್ನೆ ಹುಟ್ಟುವುದು ಹೀಗೆ ನಿಂತ ಪಾಠದಿಂದ. 1957ರ ಕೃತಿಸ್ವಾಮ್ಯ ಕಾಯ್ದೆ ಧ್ವನಿಮುದ್ರಿಕೆಯ ಹಕ್ಕನ್ನು ಅದನ್ನು ತಯಾರಿಸಿದವರಿಗೆ ಕೊಡುತ್ತದೆ. ಕವಿ, ಸಂಗೀತ ಸಂಯೋಜಕರಿಗೂ ಅದರಲ್ಲಿ ಜಾಗವಿದೆ. ಭಾವಗೀತೆಗೆ ಕವಿಯ ಹೆಸರಿರುವುದರಿಂದ ಅವರು ಕೊನೆಗೆ ವ್ಯಾಜ್ಯವನ್ನಾದರೂ ಹೂಡಬಹುದು. ಚೌಡಕಿ ಪದಕ್ಕೆ, ಬಾಯಿಂದ ಬಾಯಿಗೆ ಬಂದ ಲಾವಣಿಗೆ ಹೆಸರಿಸಬಹುದಾದ ಕರ್ತೃವಿಲ್ಲ, ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಎಲ್ಲರದು. ಇನ್ನು ಹಾಡುಗಾರರ ಗತಿಯೇನು? 1994ರ ತಿದ್ದುಪಡಿ ಮರುವರ್ಷ ಜಾರಿಗೆ ಬರುವ ತನಕ ಭಾರತದ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದೇ ಇರಲಿಲ್ಲ. ಆ ತಿದ್ದುಪಡಿ ಪ್ರದರ್ಶಕರ ಪಟ್ಟಿಯಲ್ಲಿ ಗಾಯಕ, ನಟರ ಜೊತೆಗೆ ದೊಂಬರಾಟದವರನ್ನೂ ಹಾವಾಡಿಗರನ್ನೂ ಸೇರಿಸಿತು. ರಾಯಲ್ಟಿಯ ಮಾತು ಸ್ಪಷ್ಟವಾಗಿ ಬಂದದ್ದು 2012ರಲ್ಲಿ. ಕ್ಯಾಸೆಟ್ಟಿನ ಉತ್ತುಂಗ ಇವೆರಡಕ್ಕೂ ಮುಂಚಿನದು. ಒಂದೇ ಸಲದ ಸಂಭಾವನೆ ಪಡೆದು ಮೇಳ ಊರಿಗೆ ಮರಳಿದರೆ ಕಾಯ್ದೆಯ ಲೆಕ್ಕ ಅಲ್ಲಿಗೆ ಚುಕ್ತಾ. ಇತ್ತ ಧ್ವನಿಮುದ್ರಿಕೆಯ ಹಕ್ಕಿನ ಅವಧಿ 60 ವರ್ಷ: 1985ರಲ್ಲಿ ಹೊರಬಂದ ಕ್ಯಾಸೆಟ್ ಮೇಲೆ ಕಂಪನಿಯ ಹಕ್ಕು 2045ರ ಕೊನೆಯವರೆಗೆ ನಡೆಯುತ್ತದೆ. ಯಾವ ಒಂದು ಕಂಪನಿಯ ದುಷ್ಟತನವನ್ನೂ ಇದರಲ್ಲಿ ಹುಡುಕಬೇಕಿಲ್ಲ. ಕಾಯ್ದೆಯ ಅಚ್ಚೇ ಹಾಗಿತ್ತು.

ಅಮೆರಿಕದ ಮೆಂಫಿಸ್ ಊರಿನ ಸ್ಟ್ಯಾಕ್ಸ್ ಕಂಪನಿಯ ಕಥೆ ಇಲ್ಲಿ ದೀಪ ಹಿಡಿಯುತ್ತದೆ. ಬ್ಯಾಂಕಿನಲ್ಲಿದ್ದ ಜಿಮ್ ಸ್ಟುವರ್ಟ್ 1957ರಲ್ಲಿ ಸ್ಯಾಟಲೈಟ್ ಎಂಬ ಹೆಸರಿನಲ್ಲಿ ಶುರು ಮಾಡಿದ ಕಂಪನಿ ಅದು. ಮುದ್ರಣಯಂತ್ರ ಕೊಳ್ಳಲು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ತಮ್ಮ ಮನೆಯನ್ನು ಅಡವಿಟ್ಟರು. ಹಳೆಯ ಚಿತ್ರಮಂದಿರವನ್ನು ಸ್ಟುಡಿಯೋ ಮಾಡಿಕೊಂಡು, ಅದರ ಮುಂಭಾಗದಲ್ಲೇ ತಟ್ಟೆಗಳ ಅಂಗಡಿ ಇಟ್ಟರು. ಓಣಿಯ ಕರಿಯ ಹುಡುಗ ಹುಡುಗಿಯರು ಏನು ಕೇಳುತ್ತಾರೆಂದು ಎಸ್ಟೆಲ್ ಅಲ್ಲಿ ಕೂತೇ ಅರಿತುಕೊಂಡರು. ಸೋಲ್ ಸಂಗೀತದ ದೊಡ್ಡ ದನಿಗಳಲ್ಲಿ ಒಬ್ಬರಾದ ಓಟಿಸ್ ರೆಡಿಂಗ್ ಅಲ್ಲಿ ಬೆಳೆದವರು. ಅಂಥ ಕಂಪನಿಗೂ ಪೆಟ್ಟು ಬಿದ್ದದ್ದು ಒಡೆತನದಲ್ಲೇ. ವಿತರಣೆಗೆಂದು 1965ರಲ್ಲಿ ಅಟ್ಲಾಂಟಿಕ್ ಕಂಪನಿಯೊಂದಿಗೆ ಮಾಡಿಕೊಂಡ ಕರಾರಿನಲ್ಲಿ ಮೂಲಮುದ್ರಿಕೆಗಳೆಲ್ಲ ಅಟ್ಲಾಂಟಿಕ್‌ಗೆ ಸೇರಿಹೋಗಿದ್ದವು. ಅಟ್ಲಾಂಟಿಕ್ ವಾರ್ನರ್ ಪಾಲಾದ ಮೇಲೆ, 1968ರಲ್ಲಿ, ಸ್ಟ್ಯಾಕ್ಸ್‌ನವರಿಗೆ ತಮ್ಮ ಹಾಡು ತಮ್ಮದಲ್ಲವೆಂದು ತಿಳಿಯಿತು; 1975ರ ಕೊನೆಗೆ ಕಂಪನಿ ದಿವಾಳಿಯ ಬಾಗಿಲಿಗೆ ಬಂತು. ಸಣ್ಣ ಕಂಪನಿಯ ಬಲ ಕೇಳುಗರ ಸಾಮೀಪ್ಯ, ಅದರ ದೌರ್ಬಲ್ಯ ಮೂಲಮುದ್ರಿಕೆಯ ಕರಾರು. ನಮ್ಮಲ್ಲಿ ಆ ಸಾಮೀಪ್ಯವೂ ಕಂಪನಿಯ ಒಳಗಿರಲಿಲ್ಲ. ಅದು ಸಿಗುತ್ತಿದ್ದದ್ದು ಎಲ್ಲಮ್ಮನ ಗುಡ್ಡದಂಥ ಜಾತ್ರೆಯಲ್ಲಿ, ಮತ್ತು ಮೂಲಮುದ್ರಿಕೆ ಕಳೆದುಕೊಂಡ ಸ್ಟ್ಯಾಕ್ಸ್‌ನ ಜಾಗದಲ್ಲಿ ಇಲ್ಲಿ ಮೇಳಗಳು ನಿಂತಿದ್ದವು.

ಈ ವಾದಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು. ಕ್ಯಾಸೆಟ್ ಇಲ್ಲದಿದ್ದರೆ ಈ ಹಾಡುಗಳನ್ನು ಮೈಸೂರು ಕಡೆಯವರು ಕೇಳುತ್ತಿದ್ದರೇ ಎಂಬುದು ಮೊದಲನೆಯದು. ಶಿಶುನಾಳ ಶರೀಫರ ತತ್ವಪದಗಳು ಧಾರವಾಡ ಸೀಮೆಯ ಭಜನಾ ಮೇಳಗಳಿಂದ ಇಡೀ ನಾಡಿಗೆ ದಾಟಿದ್ದರಲ್ಲಿ ಸಿ. ಅಶ್ವತ್ಥರ ಧ್ವನಿಸುರುಳಿಗಳ ಪಾಲು ದೊಡ್ಡದು. ಅದನ್ನು ತುಂಬು ಮನಸ್ಸಿನಿಂದ ಒಪ್ಪಬೇಕು. ಆದರೆ ದಾಟಿದ್ದು ಪದ ಮತ್ತು ಹೊಸ ಧಾಟಿ. ಅದನ್ನು ನೂರು ವರ್ಷ ಕಾಪಾಡಿದ ಭಜನಾ ಮೇಳ ಆ ದಾರಿಯಲ್ಲಿ ದಾಟಲಿಲ್ಲ. ಹಾಡಿನ ಹರವು ಹಿಗ್ಗಿದಾಗ ಹಾಡುಗಾರರ ಹರವೂ ಹಿಗ್ಗುತ್ತದೆ ಎಂಬ ನಂಬಿಕೆಗೆ ಇಲ್ಲಿ ಪುರಾವೆ ಸಿಗುವುದಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಜನಪದವನ್ನು ಆಸ್ತಿಯಂತೆ ಕಾಣುವುದೇ ತಪ್ಪಲ್ಲವೇ, ಎಲ್ಲರದಾದ ಹಾಡಿಗೆ ಮೇಳದವರು ಹಕ್ಕು ಕೇಳಿದರೆ ಅವರೂ ಬೇಲಿ ಹಾಕಿದಂತಲ್ಲವೇ? ಹಾಡು ಎಲ್ಲರದೆಂಬುದು ನಿಜ. ಆದರೆ ಒಂದು ನಿರ್ದಿಷ್ಟ ದಿನ, ನಿರ್ದಿಷ್ಟ ಕಂಠ ಹಾಡಿದ ಹಾಡಿಕೆ ಆ ಕಂಠದ ದುಡಿಮೆ. ಹಳೆಯ ಪದ್ಧತಿಯಲ್ಲಿ ವೀಳ್ಯ ಸಂದಾಯವಾಗುತ್ತಿದ್ದದ್ದೂ ಹಾಡಿಕೆಗೇ. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘದಂಥ ನಾಟಕ ಕಂಪನಿಗಳಲ್ಲಿಯೂ ಪ್ರತಿ ರಾತ್ರಿಯ ಆಟಕ್ಕೆ ಪ್ರತಿ ರಾತ್ರಿಯ ಗಲ್ಲಾ ಇತ್ತು. ಕ್ಯಾಸೆಟ್ ಒಂದೇ ಹಾಡಿಕೆಯನ್ನು ಸಾವಿರ ಸಲ ಮಾರಿತು, ಕೂಲಿ ಮಾತ್ರ ಒಂದೇ ಸಲದ್ದಾಗಿ ಉಳಿಯಿತು. ಕಳ್ಳಪ್ರತಿಗಳಿಂದ ಕಂಪನಿಗಳೂ ಸೋತವೆಂಬ ಮಾತು ಸರಿಯೇ, ಆದರೆ ಆ ಸೋಲಿನಿಂದ ಮೇಳಕ್ಕೆ ಏನೂ ದಕ್ಕಲಿಲ್ಲ.

ಈಗ ಕ್ಯಾಸೆಟ್ಟಿನ ಜಾಗಕ್ಕೆ ಯೂಟ್ಯೂಬ್ ಬಂದಿದೆ. ಮಾಳು ನಿಪನಾಳ ಅವರಂಥ ಬೆಳಗಾವಿ ಜಿಲ್ಲೆಯ ಹಾಡುಗಾರರು ಮೊಬೈಲಿನಿಂದಲೇ ಇಡೀ ಕರ್ನಾಟಕವನ್ನು ಮುಟ್ಟಿದ್ದಾರೆ, ಚಾನೆಲ್ ಯಾರದೆಂಬುದೇ ಈಗ ಒಡೆತನದ ಪ್ರಶ್ನೆಯಾಗಿದೆ. ಹಳೆಯ ಟೇಪುಗಳ ಮಟ್ಟಿಗೆ ಸಂಶೋಧಕರು ಮಾಡಬೇಕಾದ ಕೆಲಸ ಬಹಳ ಸರಳ, ಮತ್ತು ಅವಸರದ್ದು. ಟೇಪಿನ ಕಾಂತಲೇಪ ಉದುರುತ್ತಿದೆ, ಬೂಸಲು ಹಿಡಿಯುತ್ತಿದೆ. ಡಬ್ಬಿಯೊಳಗಿನ ಮಡಿಕೆ ಕಾಗದದಲ್ಲಿ ಮುಖ್ಯ ಹಾಡುಗಾರರ ಹೆಸರು, ಹಿಮ್ಮೇಳದವರ ಹೆಸರು, ಊರು ಇರುವಲ್ಲೆಲ್ಲ ಅದನ್ನು ದಾಖಲಿಸಬೇಕು. ಇಲ್ಲದ ಕಡೆ, ಆ ದನಿಯನ್ನು ಗುರುತಿಸಬಲ್ಲ ಹಿರಿಯರು ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಇರುವಾಗಲೇ ಅವರಿಗೆ ಟೇಪು ಕೇಳಿಸಿ ಹೆಸರು ಬರೆದುಕೊಳ್ಳಬೇಕು. ರಾಯಲ್ಟಿಯ ವಾದವಾಗಲಿ, ಮೇಳಗಳ ಚರಿತ್ರೆಯಾಗಲಿ ಆ ಹೆಸರುಗಳಿಲ್ಲದೆ ಶುರುವಾಗುವುದಿಲ್ಲ.