ಬೇಡ ಎನ್ನದೆ ಕಾಯಿಸುವ ಸೆನೆಟ್

ಕರ್ನಾಟಕದ ನಗರಗೆರೆ ಕಡೆಯಿಂದ ಅಮೆರಿಕಕ್ಕೆ ಹೊರಟವರು ವೀಸಾಕ್ಕಾಗಿ ಚೆನ್ನೈ ದಾರಿ ಹಿಡಿಯುತ್ತಾ ಬಂದಿದ್ದಾರೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ವೇದಿಕೆಯಲ್ಲಿದ್ದ ರಾಯಭಾರಿ ಎರಿಕ್ ಗಾರ್ಸೆಟ್ಟಿ, ಆ ಹುದ್ದೆಗೆ ಬರಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದರು.

ನಮ್ಮಲ್ಲಿ ಈ ಪೀಕಲಾಟವಿಲ್ಲ. ರಾಯಭಾರಿ ಯಾರೆಂದು ಕೇಂದ್ರ ಸರ್ಕಾರವೇ ತೀರ್ಮಾನಿಸುತ್ತದೆ. ಹೋಗುವ ದೇಶ ಒಪ್ಪಿದರೆ ಮುಗಿಯಿತು, ಸಂಸತ್ತಿನ ಮತ ಬೇಕಿಲ್ಲ. ಅಮೆರಿಕದಲ್ಲಿ ಅಧ್ಯಕ್ಷರು ಹೆಸರಿಸಬಹುದು, ನೇಮಕಕ್ಕೆ ಸೆನೆಟ್ ಸಮ್ಮತಿಸಬೇಕು.

ಮೊದಮೊದಲು ವೈರ ನೇರವಾಗಿತ್ತು. ಮಾರ್ಟಿನ್ ವ್ಯಾನ್ ಬ್ಯೂರೆನ್ ಅಮೆರಿಕದ ರಾಜತಾಂತ್ರಿಕ ಪ್ರತಿನಿಧಿಯಾಗಿ ಲಂಡನ್ನಿನಲ್ಲಿ ಆಗಲೇ ಕೆಲಸ ಮಾಡುತ್ತಿದ್ದರು. 1832ರ ಜನವರಿಯಲ್ಲಿ ಅವರ ನೇಮಕದ ಮೇಲೆ ಸೆನೆಟ್ಟಿನ ಮತ ಸಮಸಮವಾದಾಗ ಉಪಾಧ್ಯಕ್ಷ ಜಾನ್ ಕಾಲ್ಹೂನ್ ವಿರುದ್ಧ ಮತ ಹಾಕಿ ಕೆಡವಿದರು. ಮರುವರ್ಷ ಉಪಾಧ್ಯಕ್ಷ ಪದವಿಗೆ ಬಂದದ್ದು ಇದೇ ವ್ಯಾನ್ ಬ್ಯೂರೆನ್. 1837ರಲ್ಲಿ ಅಧ್ಯಕ್ಷರೂ ಆದರು. ಸೋಲಿಸಿದರೆ ಎದುರಾಳಿ ಬೆಳೆಯುತ್ತಾನೆ ಎಂದು ಅಲ್ಲಿನವರು ಆಗಲೇ ಕಲಿತರೋ ಏನೋ.

1953ರಲ್ಲಿ ಮಾಸ್ಕೋಗೆ ಹೊರಟ ಚಾರ್ಲ್ಸ್ ಬೋಲೆನ್ ವಿರುದ್ಧ ಅಧ್ಯಕ್ಷರ ಪಕ್ಷದವರೇ ಆದ ಜೋಸೆಫ್ ಮೆಕಾರ್ಥಿ ಕೂಗಾಡಿದರೂ 74–13ರಲ್ಲಿ ಒಪ್ಪಿಗೆ ಸಿಕ್ಕಿತು. 2005ರ ಹೊತ್ತಿಗೆ ವರಸೆಯೇ ಬೇರೆ. ವಿಶ್ವಸಂಸ್ಥೆಯ ರಾಯಭಾರಿ ಹುದ್ದೆಗೆ ಜಾನ್ ಬೋಲ್ಟನ್ ಹೆಸರು ಬಂದಾಗ ಡೆಮಾಕ್ರಟರು ಚರ್ಚೆಯನ್ನೇ ಮುಗಿಯಗೊಡಲಿಲ್ಲ. ಅಧ್ಯಕ್ಷ ಬುಷ್ ಸೆನೆಟ್ಟಿಗೆ ರಜೆ ಬರುವುದನ್ನೇ ಕಾದು, ಆಗಸ್ಟ್ 1ರಂದು ಅದರ ಸಮ್ಮತಿಯಿಲ್ಲದೆಯೇ ತಾತ್ಕಾಲಿಕವಾಗಿ ನೇಮಿಸಿಬಿಟ್ಟರು.

ಈ ಕಾಯಿಸುವಾಟದ ಬಿಸಿ ಮಂಡ್ಯದ ಹಲ್ಲೆಗೆರೆಗೂ ತಟ್ಟಿದೆ. ಆ ಊರಿನ ಮೂಲದ ಡಾ. ವಿವೇಕ್ ಮೂರ್ತಿ ಅವರನ್ನು ಒಬಾಮ 2013ರ ನವೆಂಬರಿನಲ್ಲಿ ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದರು. ಬಂದೂಕೂ ಆರೋಗ್ಯದ ಪ್ರಶ್ನೆಯೇ ಎಂದು ಹಿಂದೆ ಟ್ವೀಟ್ ಮಾಡಿದ್ದಕ್ಕೆ ಬಂದೂಕು ಸಂಘದವರು ಮುಗಿಬಿದ್ದರು. ಮತ ಬಿದ್ದದ್ದು 2014ರ ಡಿಸೆಂಬರ್ 15ರಂದು, 51–43. ಹೆಸರು ಬಂದ ತಿಂಗಳಲ್ಲೇ ಸೆನೆಟ್ ಚರ್ಚೆ ಮುಗಿಸಲು ಬೇಕಿದ್ದ 60 ಮತಗಳ ಕಟ್ಟಳೆ ಸಡಿಲಿಸಿ ಸರಳ ಬಹುಮತ ಸಾಕೆಂದಿತ್ತು. ಇಲ್ಲದಿದ್ದರೆ ಈ 51 ಸಾಲುತ್ತಿರಲಿಲ್ಲ. ಮುಂದೆ 2022ರ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್, ಮೂರ್ತಿ ಅವರನ್ನು ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕಾರಿ ಮಂಡಳಿಗೆ ಅಮೆರಿಕದ ಪ್ರತಿನಿಧಿಯಾಗಿ ಹೆಸರಿಸಿದರು. ಕಡತ ಕದಲಲಿಲ್ಲ, 2024ರ ಜನವರಿಯಲ್ಲಿ ಅದೇ ಹೆಸರನ್ನು ಮತ್ತೆ ಕಳಿಸಬೇಕಾಯಿತು.

ಗಾರ್ಸೆಟ್ಟಿ ವಿಷಯದಲ್ಲಿ ಬರಿ ಪಕ್ಷಜಗಳವೆನ್ನಲಾಗದು. ಲಾಸ್ ಏಂಜಲೀಸ್ ಮೇಯರಾಗಿದ್ದಾಗ ಆಪ್ತ ಸಹಾಯಕರೊಬ್ಬರ ಮೇಲಿನ ಲೈಂಗಿಕ ಕಿರುಕುಳದ ದೂರುಗಳನ್ನು ಕಡೆಗಣಿಸಿದರೆಂಬ ಆರೋಪವಿತ್ತು, ಅವರು ಅಲ್ಲಗಳೆದರು. 2023ರ ಮಾರ್ಚ್ 15ರಂದು 52–42ರಲ್ಲಿ ಗೆದ್ದಾಗ ಸ್ವಪಕ್ಷದ 3 ಮಂದಿ ಕೈಕೊಟ್ಟಿದ್ದರು, ಎದುರು ಪಕ್ಷದ 7 ಮಂದಿ ಕೈಹಿಡಿದಿದ್ದರು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಒಂದೊಂದು ಲಾಟಿನ ಗೂಡನ್ನೂ ಕೈಯಾಡಿಸಿ ನೋಡಿ ಬೆಲೆ ಕಟ್ಟುತ್ತಾರೆ. ಕಾಯಿಸಿ ಕಾಯಿಸಿ ಕಡತ ಬೆಳೆದಾಗ ಸೆನೆಟ್ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ: 2025ರಲ್ಲಿ ರಿಪಬ್ಲಿಕನ್ನರು ನಿಯಮ ಬದಲಿಸಿ ಹೆಸರುಗಳನ್ನು ಕಂತೆ ಕಟ್ಟಿದರು. ಅಕ್ಟೋಬರಿನಲ್ಲಿ 107 ಮಂದಿಗೆ ಒಂದೇ ಮತ, 51–47. ದೆಹಲಿಗೆ ರಾಯಭಾರಿಯಾಗಿ ಬರಬೇಕಿದ್ದ ಸರ್ಜಿಯೋ ಗೋರ್ ಹೆಸರೂ ಆ ಕಂತೆಯಲ್ಲೇ ಇತ್ತು.